ಹಳೆಯ ಟೆಲಿಫೋನುಗಳೂ ಅವುಗಳನ್ನು ಮಾಡಿದವರೂ

ಕಳೆದ ಬೇಸಗೆಯ ರಜೆಯಲ್ಲಿ ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿಯೊಬ್ಬರು ಬಟ್ಟೆಯ ಚೀಲದಲ್ಲಿ ಭಾರವಾದ ಕಪ್ಪು ಟೆಲಿಫೋನೊಂದನ್ನು ಹೊತ್ತುಕೊಂಡು ನಮ್ಮ ಮನೆಗೆ ಬಂದರು. ಅದು ಅವರ ತೀರಿಹೋದ ತಂದೆಯವರದು. ಆ ಮಹನೀಯರು ಟೆಲಿಫೋನ್ ಇಲಾಖೆಯಲ್ಲಿ ಬಹುಕಾಲ ಉಪಕರಣಗಳ ದುರಸ್ತಿಯ ಕೆಲಸವನ್ನು ಮಾಡಿ, ಇಲಾಖೆಯು ಹಳೆಯ ಸಾಮಾನುಗಳನ್ನು ಹರಾಜು ಹಾಕಿದ ಒಂದು ಸಂದರ್ಭದಲ್ಲಿ ಇದನ್ನು ಕೊಂಡು ಮನೆಗೆ ತಂದಿದ್ದರಂತೆ. ಈಗ ಮನೆಯ ಸಾಮಾನುಗಳು ಪಾಲಾಗುವ ಕಾಲ. ತಮ್ಮಂದಿರು ಮಾರಿಬಿಡಬೇಕೆಂದರು. ಹಳೆಯ ವಸ್ತುಗಳ ವ್ಯಾಪಾರಿಯೊಬ್ಬನು ಬಂದು, ಅದನ್ನು ತಿರುಗಿಸಿ ನೋಡಿ, “ಅಮ್ಮಾ, ಇದು ಅಸಲು ಮಾಲಲ್ಲ, ತಳ ಒಂದು ಕಂಪೆನಿಯದು, ಹಿಡಿ ಇನ್ನೊಂದು ಕಂಪೆನಿಯದು, ಬರೇ ಕಲಬೆರಕೆ” ಎಂದು ಹೇಳಿ ಗುಜರಿಯ ಬೆಲೆಯನ್ನು ಕೊಡಲು ಮುಂದಾದನು. ಆ ಸಹೋದರಿಯು ಬೆಲೆಯ ವಿಷಯಕ್ಕೆ ಅಷ್ಟಾಗಿ ನೊಂದಿರಲಿಲ್ಲ. “ನಮ್ಮ ತಂದೆಯವರು ಯಾರದೋ ಮೋಸಕ್ಕೆ ಸಿಕ್ಕಿ ಇದನ್ನು ತಂದರೋ? ಒಳ್ಳೆಯ ಕಂಪೆನಿಯದೆಂದರೆ ಯಾವುದು?” ಎಂಬುದೇ ಅವರ ಪ್ರಶ್ನೆಯಾಗಿತ್ತು.

ಇಂಥ ಉಪಕರಣಗಳು ನಮ್ಮ ವಾಚಕರಲ್ಲಿ ಅನೇಕರ ಮನೆಯ ಅಟ್ಟಗಳಲ್ಲಿ ಇನ್ನೂ ಬಿದ್ದಿರಬಹುದಾದುದರಿಂದ, ಅಂದು ಆ ಸಹೋದರಿಗೆ ಬಾಯಿಮಾತಿನಲ್ಲಿ ಹೇಳಿದುದನ್ನು ಈ ಸಂಚಿಕೆಗಾಗಿ ಸ್ವಲ್ಪ ವಿಸ್ತರಿಸಿ ಬರೆಯುತ್ತೇವೆ.

ಅಮೇರಿಕಾ, ಇಂಗ್ಲೆಂಡು ಮುಂತಾದ ದೇಶಗಳಲ್ಲಿ ಹಳೆಯ ಟೆಲಿಫೋನುಗಳನ್ನು ಕೂಡಿಡುವವರ ಸಂಘಗಳುಂಟು. ಅಂಚೆಯ ಚೀಟಿಗಳನ್ನು ಕೂಡಿಡುವವರಲ್ಲಿರುವಂತೆಯೇ ಇವರಲ್ಲಿಯೂ ಪಕ್ಷಗಳಿವೆ. ವೆಸ್ಟರ್ನ್ ಎಲೆಕ್ಟ್ರಿಕ್ ಕಂಪೆನಿಯ ಮಾಲಿಗೆ ಸಮವಿಲ್ಲವೆಂದು ಕೆಲವರು. ಆಟೋಮ್ಯಾಟಿಕ್ ಎಲೆಕ್ಟ್ರಿಕ್‌ನವರ ಡಯಲಿನ ನಯವನ್ನು ನೋಡಿರೆಂದು ಕೆಲವರು. ಸ್ವೀಡನ್ ದೇಶದ ಎರಿಕ್‌ಸನ್ನನ ಕೈಚಳಕದ ಮುಂದೆ ಇವೆಲ್ಲ ಒರಟು ಕೆಲಸವೆಂದು ಮತ್ತೆ ಕೆಲವರು. ನಮಗೆ ತೋರುವುದೇನೆಂದರೆ, ಯಾವ ಕಂಪೆನಿಯು ಮೇಲೆಂದು ಕೇಳುವುದಕ್ಕೆ ಮೊದಲು, ಆ ಟೆಲಿಫೋನು ಮನೆಯಲ್ಲಿದ್ದಾಗ ಅದು ಯಾರ ಸೊತ್ತಾಗಿತ್ತು ಎಂಬುದನ್ನು ಕೇಳಬೇಕು. ಕೆಟ್ಟುಹೋದರೆ ರಿಪೇರಿಯ ಖರ್ಚನ್ನು ಯಾರು ಹೊರುತ್ತಿದ್ದರೋ ಅವರಿಗೆ ತಕ್ಕಂತೆ ಅದರ ಮೈಕಟ್ಟು ಇರುತ್ತದೆ.

ಅಲೆಕ್ಸಾಂಡರ್ ಗ್ರಹಾಂ ಬೆಲ್ ಎಂಬವರಿಗೆ ಟೆಲಿಫೋನಿನ ಪೇಟೆಂಟು ದೊರೆತದ್ದು 1876ನೆಯ ಇಸವಿ ಮಾರ್ಚ್ ತಿಂಗಳಲ್ಲಿ. ಬೆಲ್ ಕಂಪೆನಿಯವರು 1881ರಲ್ಲಿ ಚಿಕಾಗೋ ನಗರದ ವೆಸ್ಟರ್ನ್ ಎಲೆಕ್ಟ್ರಿಕ್ ಎಂಬ ಕಾರ್ಖಾನೆಯ ಒಡೆತನವನ್ನು ವಶಪಡಿಸಿಕೊಂಡು, ತಮಗೆ ಬೇಕಾದ ಉಪಕರಣಗಳನ್ನೆಲ್ಲಾ ಅಲ್ಲಿಯೇ ಮಾಡಿಸಲಾರಂಭಿಸಿದರು. ಇವರು ಟೆಲಿಫೋನನ್ನು ಯಾರಿಗೂ ಮಾರುತ್ತಿರಲಿಲ್ಲ. ತಿಂಗಳ ಬಾಡಿಗೆಗೆ ಕೊಡುತ್ತಿದ್ದರು. ಉಪಕರಣದ ಮೇಲೆಯೇ ಇದು ಬೆಲ್ ವ್ಯವಸ್ಥೆಯ ಸೊತ್ತು, ಮಾರಾಟಕ್ಕಲ್ಲ ಎಂಬರ್ಥದ ಅಕ್ಷರಗಳನ್ನು ಅಚ್ಚೊತ್ತುತ್ತಿದ್ದರು. ಕೆಟ್ಟರೆ ಕಂಪೆನಿಯ ಆಳೇ ಬಂದು ಸರಿಪಡಿಸಬೇಕು. ಅವನ ಸಂಬಳವು ಕಂಪೆನಿಯ ಮೇಲೆ. ಆದಕಾರಣ ಅವರಿಗೆ ಬೇಕಾದದ್ದು ನೋಡುವವರ ಕಣ್ಣನ್ನು ಸೆಳೆಯುವ ಉಪಕರಣವಲ್ಲ, ಮೂವತ್ತು ವರ್ಷ ಕೆಡದೆ ನಿಲ್ಲುವ ಉಪಕರಣ. 1937ರಲ್ಲಿ ಹೊರಬಂದ 302 ಎಂಬ ಮಾದರಿಯನ್ನು ಕೈಯಲ್ಲಿ ಎತ್ತಿದವರಿಗೆ ಈ ಮಾತು ಕೂಡಲೇ ತಿಳಿಯುತ್ತದೆ. ಅದರ ರೂಪವನ್ನು ಕಲ್ಪಿಸಿದವರು ಹೆನ್ರಿ ಡ್ರೈಫಸ್ ಎಂಬ ಶಿಲ್ಪಕಾರರು. ಅದಕ್ಕೆ ಹಿಂದಿನ ಮೇಜಿನ ಟೆಲಿಫೋನುಗಳಿಗೆ ಗಂಟೆಯ ಪೆಟ್ಟಿಗೆಯನ್ನು ಬೇರೆಯಾಗಿ ಗೋಡೆಗೆ ಹೊಡೆಯಬೇಕಾಗುತ್ತಿತ್ತು. 302ರಲ್ಲಿ ಗಂಟೆಯೂ ಒಳಗಿನ ಸುರುಳಿಗಳೂ ಒಂದೇ ಮೈಯೊಳಗೆ ಅಡಕವಾದುವು. ಮೊದಮೊದಲಿನವುಗಳ ಮೈಯು ಸತುವಿನ ಮಿಶ್ರಲೋಹದ ಎರಕ. 1941ರ ಸುಮಾರಿಗೆ ಯುದ್ಧದ ನಿಮಿತ್ತ ಲೋಹಕ್ಕೆ ಅಭಾವವುಂಟಾಗಿ ಪ್ಲಾಸ್ಟಿಕ್ ಬಂದಿತು. ಕೂಡಿಡುವವರು ಲೋಹದ ಮೈಯದನ್ನು ಹೆಚ್ಚು ಬಯಸುತ್ತಾರೆ. ಇದರ ನಂತರ 1949ರಲ್ಲಿ ಕಾಣಿಸಿಕೊಂಡ 500ರ ಮಾದರಿಯೂ ಅದೇ ಶಿಲ್ಪಕಾರರದು. ಅದು ಲೆಕ್ಕವಿಲ್ಲದಷ್ಟು ತಯಾರಾದುದರಿಂದ ಬೆಲೆ ಕಡಮೆ. ಆದರೆ ಇಂದಿಗೂ ಕೆಲಸ ಮಾಡುವ ಹಳೆಯ ಟೆಲಿಫೋನು ಒಂದೇ ಸಾಕೆನ್ನುವವರಿಗೆ ಅದಕ್ಕಿಂತ ಒಳ್ಳೆಯದನ್ನು ನಾವು ಹೇಳಲಾರೆವು.

ಬೆಲ್ಲರ ಮುಖ್ಯ ಪೇಟೆಂಟುಗಳ ಅವಧಿಯು 1893 ಮತ್ತು 1894ರಲ್ಲಿ ತೀರಿತು. ತೀರಿದ ಮರುಗಳಿಗೆಯೇ ಅಮೇರಿಕೆಯಲ್ಲಿ ನೂರಾರು ಸಣ್ಣ ಟೆಲಿಫೋನ್ ಕಂಪೆನಿಗಳು ಹುಟ್ಟಿಕೊಂಡುವು; ಬೆಲ್ಲರ ತಂತಿಯು ಹೋಗದ ಹಳ್ಳಿಗಳಲ್ಲಿ ರೈತರೇ ಕೂಡಿ ತಂತಿಯನ್ನೆಳೆದುಕೊಂಡರು. ಇವರಿಗೆ ವೆಸ್ಟರ್ನ್ ಎಲೆಕ್ಟ್ರಿಕ್‌ನವರು ಮಾಲನ್ನು ಕೊಡಲೊಲ್ಲರು. ಆಗ 1894ರಲ್ಲಿ ಸ್ವೀಡನ್ನಿನಿಂದ ವಲಸೆ ಬಂದಿದ್ದ ಸ್ಟ್ರಾಂಬರ್ಗ್ ಮತ್ತು ಕಾರ್ಲ್‌ಸನ್ ಎಂಬಿಬ್ಬರು ಚಿಕಾಗೋವಿನಲ್ಲಿ ಒಂದು ಕಾರ್ಖಾನೆಯನ್ನೂ, 1897ರಲ್ಲಿ ಮೈಲೋ ಕೆಲಾಗ್ ಎಂಬವರು ಇನ್ನೊಂದನ್ನೂ ತೆರೆದರು. ಇವರ ಗಿರಾಕಿಗಳು ಉಪಕರಣವನ್ನು ಕೊಂಡುಕೊಳ್ಳುವವರು. ಅಂಗಡಿಯ ಸೀರೆಯಂತೆ ನಾಲ್ಕನ್ನು ಹರಡಿ ನೋಡಿ ಒಂದನ್ನು ಆರಿಸುವವರು. ಆದುದರಿಂದ ಇವರ ಗೋಡೆಯ ಟೆಲಿಫೋನುಗಳಲ್ಲಿ ಓಕ್ ಮರದ ಹೊಳೆಯುವ ಪೆಟ್ಟಿಗೆ, ನಿಕ್ಕಲಿನ ಮೆರುಗು, ಅಂಚಿನ ಕೆತ್ತನೆ ಇವೆಲ್ಲ ಧಾರಾಳವಾಗಿವೆ. ಬಲಬದಿಯ ಹಿಡಿಯನ್ನು ತಿರುವಿದರೆ ಒಳಗೆ ಅಯಸ್ಕಾಂತಗಳ ನಡುವೆ ಸುರುಳಿಯು ತಿರುಗಿ, ಹುಟ್ಟಿದ ವಿದ್ಯುತ್ತು ದೂರದ ಗಂಟೆಯನ್ನು ಬಾರಿಸುತ್ತದೆ. ನೋಟಕ್ಕೆ ಇವು ರಮ್ಯವಾದವು, ಸಂದೇಹವಿಲ್ಲ. ಆದರೆ ಎಷ್ಟೋ ಮನೆಗಳಲ್ಲಿ ಒಳಗಿನದನ್ನೆಲ್ಲಾ ಕಿತ್ತುಹಾಕಿ, ಮರದ ಪೆಟ್ಟಿಗೆಯಲ್ಲಿ ರೇಡಿಯೋವನ್ನೋ ಸಾಂಬಾರದ ಡಬ್ಬಿಗಳನ್ನೋ ಇಟ್ಟುಬಿಟ್ಟರು. ಅಂಥ ಪೆಟ್ಟಿಗೆಗೆ ಬಳಿಕ ಬೇರೆ ಕಡೆಯ ಅಂಗಾಂಗಗಳನ್ನು ತುಂಬಿ ಮಾರುವವರುಂಟು.

ಇವರೆಲ್ಲರಿಗಿಂತ ವಿಚಿತ್ರವಾದ ಹುಟ್ಟು ಆಟೋಮ್ಯಾಟಿಕ್ ಎಲೆಕ್ಟ್ರಿಕ್ ಕಂಪೆನಿಯದು. ಕಾನ್ಸಸ್ ನಗರದಲ್ಲಿ ಆಲ್ಮನ್ ಸ್ಟ್ರೌಜರ್ ಎಂಬವನು ಶವಸಂಸ್ಕಾರಕ್ಕೆ ಬೇಕಾದ ಏರ್ಪಾಡುಗಳನ್ನು ಮಾಡಿಕೊಡುವ ವೃತ್ತಿಯಲ್ಲಿದ್ದನು. ಟೆಲಿಫೋನ್ ಕೇಂದ್ರದಲ್ಲಿ ತಂತಿ ಜೋಡಿಸುವ ಹೆಂಗಸು ತನ್ನನ್ನು ಕೇಳಿಕೊಂಡು ಬರುವ ಗಿರಾಕಿಗಳನ್ನು ಎದುರಾಳಿಯ ಅಂಗಡಿಗೆ ತಿರುಗಿಸುತ್ತಿದ್ದಾಳೆಂಬ ಸಂಶಯವು ಅವನಿಗೆ ಹುಟ್ಟಿತೆಂದು ಕಥೆ. ನಿಜವೋ ಸುಳ್ಳೋ, ಆ ಹೆಂಗಸಿನ ಕಡೆಯ ಮಾತನ್ನು ಯಾರೂ ಬರೆದಿಟ್ಟಂತೆ ಕಾಣೆವು. ಅಂತೂ ನಡುವೆ ಮನುಷ್ಯರೇ ಬೇಡದ ಯಂತ್ರವನ್ನು ಅವನು ಕಲ್ಪಿಸಿ 1891ರಲ್ಲಿ ಪೇಟೆಂಟು ಪಡೆದನು. 1892ರಲ್ಲಿ ಇಂಡಿಯಾನಾ ಸಂಸ್ಥಾನದ ಲಾಪೋರ್ಟ್ ಎಂಬ ಊರಿನಲ್ಲಿ ಅಂಥ ಮೊದಲ ಕೇಂದ್ರವು ತೆರೆಯಿತು. 1901ರಲ್ಲಿ ಈ ಕಂಪೆನಿಯು ಚಿಕಾಗೋವಿನಲ್ಲಿ ನೆಲಸಿತು. ಬೆರಳಿಟ್ಟು ತಿರುಗಿಸುವ ಡಯಲು ಈ ವಂಶದ ಸಂತಾನ. ಬೆಲ್ ಕಂಪೆನಿಯವರು ಬಹುಕಾಲ ಇದನ್ನು ಒಪ್ಪದೆ, 1919ರಲ್ಲಿ ನಾರ್ಫೋಕ್ ನಗರದಲ್ಲಿ ಮೊದಲು ಡಯಲಿನ ಕೇಂದ್ರವನ್ನು ತೆರೆದಾಗ ಈ ಎದುರಾಳಿಯ ಯಂತ್ರಗಳನ್ನೇ ಕೊಳ್ಳಬೇಕಾಯಿತು. ಅವರ ಮೊನೊಫೋನ್ ಎಂಬ ಮೇಜಿನ ಟೆಲಿಫೋನುಗಳಲ್ಲಿ ಬಣ್ಣಗಳೂ ಹೊಳೆಯುವ ಲೋಹದ ಅಂಚುಗಳೂ ಇವೆ. ಕೊಳ್ಳುವವರನ್ನು ಒಲಿಸಿಕೊಳ್ಳಬೇಕಾದ ಕಂಪೆನಿಯ ಗುರುತು ಅದರಲ್ಲಿಯೂ ಕಾಣುತ್ತದೆ. ಈ ಕಂಪೆನಿಯ ಹೆಸರನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಅದು ನಮ್ಮ ಬೆಂಗಳೂರಿಗೇ ಬರುವುದು.

ಇನ್ನು ಎರಿಕ್‌ಸನ್ನನ ವಿಷಯ. ಲಾರ್ಸ್ ಮ್ಯಾಗ್ನಸ್ ಎರಿಕ್‌ಸನ್ ಎಂಬವನು 1876ರಲ್ಲಿ ಸ್ಟಾಕ್‌ಹೋಮ್ ನಗರದಲ್ಲಿ ತಂತೀಯಂತ್ರಗಳನ್ನು ರಿಪೇರಿ ಮಾಡುವ ಸಣ್ಣ ಕಾರ್ಯಾಗಾರವನ್ನು ತೆರೆದನು. ಬೆಲ್ಲರು ಸ್ವೀಡನ್ನಿನಲ್ಲಿ ಪೇಟೆಂಟು ಪಡೆದಿರಲಿಲ್ಲ. ರಿಪೇರಿಗೆಂದು ಬಂದ ಅವರ ಟೆಲಿಫೋನುಗಳನ್ನು ಬಿಚ್ಚಿ ನೋಡಿದ ಎರಿಕ್‌ಸನ್ನನು ತಾನೇ ಅವುಗಳನ್ನು ತಿದ್ದಿ ಮಾಡತೊಡಗಿದನು. ಅವನ ಹೆಂಡತಿ ಹಿಲ್ಡಾ ರೇಷ್ಮೆ ಸುತ್ತಿದ ತಾಮ್ರದ ತಂತಿಯನ್ನು ಸುರುಳಿಗಳಿಗೆ ಸುತ್ತುತ್ತಿದ್ದಳು. ಇದನ್ನು ಚಿಕ್ಕ ಕೆಲಸವೆಂದು ಎಣಿಸಬಾರದು. ಕೂದಲೆಳೆಯಂಥ ತಂತಿಯು ಒಂದು ಕಡೆ ಸಡಿಲಿದರೆ ಅಥವಾ ಅದರ ರೇಷ್ಮೆಯು ಸವೆದರೆ ಉಪಕರಣವೇ ಮೂಕವಾಗುತ್ತದೆ. ಕಾರ್ಖಾನೆಗಳ ಹೆಸರುಗಳೆಲ್ಲ ಗಂಡಸರವು. ಆದರೆ ಚಿಕಾಗೋವಿನ ಬಳಿಯ ವೆಸ್ಟರ್ನ್ ಎಲೆಕ್ಟ್ರಿಕ್‌ನವರ ಹಾಥಾರ್ನ್ ಕಾರ್ಖಾನೆಯಲ್ಲಿಯೂ ಸೂಕ್ಷ್ಮವಾದ ಜೋಡಣೆಯನ್ನು ಮಾಡುತ್ತಿದ್ದವರಲ್ಲಿ ಹುಡುಗಿಯರು ಬಹಳ ಮಂದಿ ಇದ್ದರು. ಕೆಲಸಗಾರರ ಸ್ವಭಾವವನ್ನು ಕುರಿತು 1927ರಿಂದ ಅಲ್ಲಿ ನಡೆದ ಪ್ರಸಿದ್ಧವಾದ ಪರೀಕ್ಷೆಗಳು ಅವರ ಕೈಬೆರಳುಗಳನ್ನು ನೋಡುತ್ತಾ ನಡೆದುವು.

1892ರಲ್ಲಿ ಎರಿಕ್‌ಸನ್ನನ ಕಾರ್ಖಾನೆಯಿಂದ ಹೊರಟ ಮೇಜಿನ ಟೆಲಿಫೋನು, ನಮ್ಮ ಅಭಿಪ್ರಾಯದಲ್ಲಿ, ಈ ಜಾತಿಯ ವಸ್ತುಗಳಲ್ಲೆಲ್ಲಾ ಅತ್ಯಂತ ಸುಂದರವಾದದ್ದು. ಅದಕ್ಕೆ ಪೆಟ್ಟಿಗೆಯೇ ಇಲ್ಲ. ವಿದ್ಯುತ್ತನ್ನು ಹುಟ್ಟಿಸುವ ಅಯಸ್ಕಾಂತಗಳನ್ನೇ ಬಗ್ಗಿಸಿ ನಾಲ್ಕು ಕಾಲುಗಳನ್ನಾಗಿ ಮಾಡಿ, ಅವುಗಳ ಮೇಲೆ ಚಿನ್ನದ ಬಣ್ಣದ ಬಳ್ಳಿಗಳನ್ನು ಬರೆದು, ಮೇಲೆ ತೊಟ್ಟಿಲಿನಲ್ಲಿ ಹಿಡಿಯನ್ನು ಮಲಗಿಸಿದ್ದಾರೆ. ಸ್ವೀಡನ್ನಿನವರು ಇದನ್ನು ಗಿಡ್ಡ ಕಾಲಿನ ಒಂದು ಜಾತಿಯ ನಾಯಿಯ ಹೆಸರಿನಿಂದ ಕರೆದರು. ಕೆಲಸಕ್ಕೆ ಬೇಕಾದ ಅಂಗವೇ ಅಲಂಕಾರವೂ ಆಗಿರುವುದು ಇದರಲ್ಲಿಯ ವಿಶೇಷ. ಇದು ಅನೇಕ ದೇಶಗಳಿಗೆ ಹೋಯಿತು. ಅಷ್ಟೇ ಬೇಗ ಅನುಕರಣಗಳೂ ಹುಟ್ಟಿದುವು, ಈಗಲೂ ಹುಟ್ಟುತ್ತಿವೆ. ಕಾಲು ಕಬ್ಬಿಣದ ಸೂಜಿಯನ್ನು ಎಳೆಯದಿದ್ದರೆ ಅದು ಬರೇ ಶೋಕಿಯ ಬೊಂಬೆಯೆಂದು ತಿಳಿಯಬಹುದು. ಬಳಿಕ 1930ರ ಸುಮಾರಿಗೆ ಎರಿಕ್‌ಸನ್ ಕಂಪೆನಿಯವರು ನಾರ್ವೆಯವರೊಂದಿಗೆ ಕೂಡಿ ಬೇಕಲೈಟಿನ ಟೆಲಿಫೋನನ್ನು ಮಾಡಿದರು. ಅದರ ರೂಪವನ್ನು ಕೊಟ್ಟವರು ಜೀನ್ ಹೈಬರ್ಗ್ ಎಂಬ ಚಿತ್ರಕಾರರು. ನಮ್ಮ ಮನಸ್ಸಿನಲ್ಲಿ ಟೆಲಿಫೋನೆಂದರೆ ಮೂಡುವ ಕಪ್ಪು ಆಕಾರವು ಇದರಿಂದ ಇಳಿದುಬಂದದ್ದು.

ಬೇಕಲೈಟಿನ ವಿಷಯದಲ್ಲಿ ಒಂದು ಮಾತು. ಬೇಕ್‌ಲೆಂಡ್ ಎಂಬ ರಸಾಯನ ಶಾಸ್ತ್ರಜ್ಞರು 1907ರಲ್ಲಿ ಕಂಡುಹಿಡಿದ ಈ ವಸ್ತುವು ಒಮ್ಮೆ ಕಾದು ಗಟ್ಟಿಯಾದರೆ ಮತ್ತೆ ಕರಗದು. ಹೆಬ್ಬೆರಳಿನಿಂದ ಜೋರಾಗಿ ಉಜ್ಜಿ ಮೂಸಿದರೆ ಆಸ್ಪತ್ರೆಯ ಕಾರ್ಬಾಲಿಕ್ ವಾಸನೆಯು ಬರುತ್ತದೆ. ಇದರಿಂದ ತಿಳಿಬಣ್ಣದ ವಸ್ತುಗಳನ್ನು ಮಾಡಲಾಗದು. ದಂತದ ಬಣ್ಣ, ಹಸುರು, ಕೆಂಪು ಇವು ಬೇರೆ ಜಾತಿಯ ಪ್ಲಾಸ್ಟಿಕ್ಕುಗಳು. ಹಸುರು ಮತ್ತು ಕೆಂಪು ಬಣ್ಣದವು ವಿರಳವಾದುದರಿಂದ ಅವುಗಳಿಗೆ ಕಪ್ಪಿಗಿಂತ ಎಷ್ಟೋ ಪಾಲು ಹೆಚ್ಚು ಬೆಲೆ. ಬೆಲೆಯಿದ್ದಲ್ಲಿ ಬಣ್ಣ ಬಳಿಯುವವರೂ ಇರುತ್ತಾರೆ. ಮೈಯನ್ನು ಕಳಚಿ ಒಳಮಗ್ಗುಲನ್ನು ನೋಡಬೇಕು. ಹೊರಗೆ ಕೆಂಪು, ಒಳಗೆ ಕಪ್ಪು ಕಂಡರೆ ಕೈಮುಗಿದು ಎದ್ದು ಬರಬೇಕು. ನಾವು ಹಿಂದೆ ಒಂದು ಸಲ ಹೀಗೆ ಒಳಗನ್ನು ನೋಡದೆ ಹಣವನ್ನು ಕಳೆದುಕೊಂಡಿದ್ದೇವೆ. ಅದಕ್ಕಿಂತ ಹೆಚ್ಚಿನ ಪಶ್ಚಾತ್ತಾಪವೆಂದರೆ, ಮಾಸಿದ ಕಪ್ಪು ಬೇಕಲೈಟಿನ ಟೆಲಿಫೋನೊಂದನ್ನು ಸೋಡದ ನೀರಿನಲ್ಲಿ ರಾತ್ರಿಯೆಲ್ಲಾ ನೆನೆಹಾಕಿ, ಅದರ ಮಿರುಗನ್ನು ಎಂದೆಂದಿಗೂ ಹಾಳುಮಾಡಿದ್ದು. ಒದ್ದೆ ಬಟ್ಟೆಯಿಂದ ಒರಸಿ ಬೇಗ ಒಣಗಿಸುವುದಕ್ಕಿಂತ ಹೆಚ್ಚಿನ ಸ್ನಾನವು ಅದಕ್ಕೆ ಬೇಡ.

ಇಂಗ್ಲೆಂಡಿನ ಪದ್ಧತಿಯು ಅಮೇರಿಕೆಯದಕ್ಕಿಂತ ಭಿನ್ನ; ನಮಗೆ ಅದೇ ಮುಖ್ಯ. ಅಲ್ಲಿ 1912ರಿಂದ ಬಹುಮಟ್ಟಿಗೆ ದೇಶದ ಟೆಲಿಫೋನೆಲ್ಲಾ ಸರಕಾರದ ಅಂಚೆ ಇಲಾಖೆಯ ಕೈಯಲ್ಲಿತ್ತು. ಉಪಕರಣವು ಇಲಾಖೆಯ ಸೊತ್ತು, ಮನೆಯವರು ಬಾಡಿಗೆದಾರರು. ಆದರೆ ಇಲಾಖೆಯವರು ಒಂದೇ ಕಾರ್ಖಾನೆಯನ್ನು ನಂಬಲಿಲ್ಲ. ಮಾದರಿಯನ್ನು ಗೊತ್ತುಮಾಡಿ ಅದಕ್ಕೆ ಒಂದು ಸಂಖ್ಯೆಯನ್ನು ಕೊಟ್ಟು, ವೂಲಿಚ್‌ನ ಸೀಮೆನ್ಸ್ ಬ್ರದರ್ಸ್, ಕವೆಂಟ್ರಿಯ ಜನರಲ್ ಎಲೆಕ್ಟ್ರಿಕ್, ಬೀಸ್ಟನ್‌ನ ಎರಿಕ್‌ಸನ್, ಲಿವರ್‌ಪೂಲಿನ ಆಟೋಮ್ಯಾಟಿಕ್ ಟೆಲಿಫೋನ್ ಮುಂತಾದ ಹಲವರಿಂದ ಅದೇ ಮಾದರಿಯನ್ನು ಮಾಡಿಸುತ್ತಿದ್ದರು. 1929ರ 162 ಎಂಬುದು ಸೀಮೆನ್ಸ್‌ನವರ ಕಲ್ಪನೆ, ಗೋಪುರದ ಆಕಾರದ್ದು. 1937ರ 332 ಎರಿಕ್‌ಸನ್ನರ ಬೇಕಲೈಟ್ ಟೆಲಿಫೋನಿನಿಂದ ಬಂದದ್ದು. ಗಂಟೆಯು ಒಳಗೇ ಇದೆ, ಅನೇಕವುಗಳ ತಳದಲ್ಲಿ ನಂಬರುಗಳ ಚೀಟಿಯನ್ನಿಡುವ ಸಣ್ಣ ಡ್ರಾಯರೂ ಇದೆ. 332ರ ಒಳಗಿನ ಸುರುಳಿಗಳ ಜೋಡಣೆಯಿಂದ ಆಡುವವರ ಧ್ವನಿಯು ಅವರ ಕಿವಿಗೇ ಜೋರಾಗಿ ಹಿಂದಿರುಗುವುದು ತಪ್ಪಿತು. ಹಾಗೆ ಹಿಂದಿರುಗಿದಲ್ಲಿ ಜನರು ತಾವೇ ಕೂಗುತ್ತಿದ್ದೇವೆಂದೆಣಿಸಿ ಧ್ವನಿಯನ್ನು ತಗ್ಗಿಸುವರು. ಆಚೆಯವರಿಗೆ ಏನೂ ಕೇಳಿಸದು.

ಈ ಏರ್ಪಾಡಿನ ಫಲವೇನೆಂದರೆ, ಒಬ್ಬರ ಹಿಡಿಯು ಮತ್ತೊಬ್ಬರ ತಳಕ್ಕೂ, ಮೂರನೆಯವರ ಡಯಲು ಇವೆರಡಕ್ಕೂ ಒಂದು ಕೂದಲಿನಷ್ಟೂ ವ್ಯತ್ಯಾಸವಿಲ್ಲದೆ ಕೂಡುತ್ತದೆ. ಬಿಡಿಭಾಗಗಳ ಮೇಲೆ ಮಾದರಿಯ ಸಂಖ್ಯೆ, ಕಾರ್ಖಾನೆಯ ಗುರುತಿನ ಅಕ್ಷರ, ಇಸವಿಯ ಕೊನೆಯ ಎರಡು ಅಂಕಿಗಳು ಇವನ್ನು ಒತ್ತಿರುತ್ತಾರೆ. ಕೆಟ್ಟ ಉಪಕರಣಗಳು ಇಲಾಖೆಯ ದುರಸ್ತಿಯ ಕಾರ್ಖಾನೆಗೆ ಹೋದಾಗ ಅಲ್ಲಿ ಎಲ್ಲವನ್ನೂ ಬಿಚ್ಚಿ, ಹಿಡಿಗಳನ್ನು ಹಿಡಿಗಳ ರಾಶಿಗೆ, ಡಯಲುಗಳನ್ನು ಡಯಲುಗಳ ರಾಶಿಗೆ ಹಾಕಿ, ತೊಳೆದು, ಪರೀಕ್ಷಿಸಿ, ಕೈಗೆ ಸಿಕ್ಕಿದವುಗಳಿಂದ ಮತ್ತೆ ಟೆಲಿಫೋನುಗಳನ್ನು ಕಟ್ಟುತ್ತಿದ್ದರು. ಅಮೇರಿಕೆಯ ಬೆಲ್ ವ್ಯವಸ್ಥೆಯಲ್ಲಿಯೂ ಹೀಗೆಯೇ. ಅಲ್ಲಿಯ ಕೂಡಿಡುವವರು 302ನ್ನು ಬಿಚ್ಚಿ, ತಳ, ಗಂಟೆ, ಸುರುಳಿ, ಹಿಡಿ, ಡಯಲು ಎಲ್ಲದರ ಮೇಲಿನ ತಿಂಗಳು ಇಸವಿಗಳು ಒಂದಕ್ಕೊಂದು ಹೊಂದಿದರೆ ಹಬ್ಬವನ್ನು ಮಾಡುತ್ತಾರೆ. ಅಂಥದಕ್ಕೆ ಬೆಲೆಯೂ ಹೆಚ್ಚು. ವಿರಳವಾದುದನ್ನು ಬಯಸುವುದು ಕೂಡಿಡುವವರ ಸ್ವಭಾವ, ಅದರಲ್ಲಿ ತಪ್ಪಿಲ್ಲ. ಆದರೆ ಹೊಂದದಿರುವುದನ್ನು ಖೋಟಾ ಎನ್ನುವುದು ತಪ್ಪು. ಎಲ್ಲವೂ ಹೊಂದಿದ ಉಪಕರಣವೆಂದರೆ ಹೆಚ್ಚಾಗಿ ಕೆಲಸ ಮಾಡದೆ ಮೂಲೆಯಲ್ಲಿ ಕುಳಿತದ್ದು. ಬಣ್ಣ ಬಳಿದದ್ದು, ಹೊಸ ಅಚ್ಚಿನಲ್ಲಿ ಎರೆದದ್ದು, ಬೇರೆ ಮಾದರಿಯ ಅಂಗವನ್ನು ಗರಗಸದಿಂದ ಕೊಯ್ದು ಕೂಡಿಸಿದ್ದು ಇವು ಮೋಸ. ದುರಸ್ತಿಯ ಮೇಜಿನಿಂದ ಎದ್ದುಬಂದದ್ದು ಮೋಸವಲ್ಲ.

ನಮ್ಮ ದೇಶದಲ್ಲಿ 1882ರ ಜನವರಿಯಲ್ಲಿ ಕಲ್ಕತ್ತ, ಬೊಂಬಾಯಿ, ಮದ್ರಾಸುಗಳಲ್ಲಿ ಖಾಸಗಿ ಕಂಪೆನಿಯವರು ಕೇಂದ್ರಗಳನ್ನು ತೆರೆದರು. 1943ರಲ್ಲಿ ಅವು ಸರಕಾರದ ವಶವಾದುವು. ಬಳಿಕ ಇಲ್ಲಿಯೂ ಉಪಕರಣವು ಇಲಾಖೆಯದೇ. ಸ್ವಾತಂತ್ರ್ಯದ ಮರುವರ್ಷ, ಎಂದರೆ 1948ರಲ್ಲಿ, ಬೆಂಗಳೂರಿನ ಕೃಷ್ಣರಾಜಪುರದ ಹತ್ತಿರ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ಸ್ಥಾಪಿತವಾಯಿತು. ಅದಕ್ಕೆ ತಾಂತ್ರಿಕ ಸಹಾಯವನ್ನು ಕೊಟ್ಟವರು ಲಿವರ್‌ಪೂಲಿನ ಆಟೋಮ್ಯಾಟಿಕ್ ಕಂಪೆನಿಯವರು. ಆ ಲಿವರ್‌ಪೂಲಿನವರು ಚಿಕಾಗೋವಿನ ಆಟೋಮ್ಯಾಟಿಕ್ ಎಲೆಕ್ಟ್ರಿಕ್‌ನವರ ಅನುಮತಿಯಿಂದ ಸ್ಟ್ರೌಜರನ ಯಂತ್ರಗಳನ್ನು ಮಾಡತೊಡಗಿದವರು. ಹೀಗೆ ಕಾನ್ಸಸ್‌ನ ಶವಸಂಸ್ಕಾರದವನ ಸಂಶಯವು ಕಡಲುಗಳನ್ನು ದಾಟಿ ದೂರವಾಣಿನಗರವನ್ನು ಮುಟ್ಟಿತು. ಮೊದಲು ಸೀಮೆಯಿಂದ ಬಂದ ಬಿಡಿಭಾಗಗಳನ್ನು ಜೋಡಿಸುವ ಕೆಲಸ. ಬರಬರುತ್ತಾ ಒಂದೊಂದಾಗಿ ಅವುಗಳನ್ನು ಇಲ್ಲಿಯೇ ಮಾಡಿದರು. ಆ ಜೋಡಣೆಯ ಸಾಲುಗಳಲ್ಲಿ ಅನೇಕ ಮಂದಿ ಸ್ತ್ರೀಯರು ಕೆಲಸ ಮಾಡಿದರು. ಈ ಶಾಲೆಯ ಹಳೆಯ ಹುಡುಗಿಯರಲ್ಲಿ ಯಾರಾದರೂ ಅಲ್ಲಿದ್ದರೆ ನಮಗೆ ತಿಳಿಸಬೇಕೆಂದು ಬೇಡುತ್ತೇವೆ. ಅವರು ಮಾಡಿದ ಕಪ್ಪು ಟೆಲಿಫೋನುಗಳನ್ನು ಹೊರದೇಶದ ಕೂಡಿಡುವವರು ಇನ್ನೂ ಚೆನ್ನಾಗಿ ಅರಿತಿಲ್ಲ. ನಮ್ಮವರೂ ಅರಿತಿಲ್ಲವೆಂಬುದಕ್ಕೆ ಗುಜರಿಯ ಅಂಗಡಿಗಳೇ ಸಾಕ್ಷಿ.

ಆ ಸಹೋದರಿಯ ಟೆಲಿಫೋನಿಗೆ ಬರೋಣ. ಅಂದು ನಾವು ಅದನ್ನು ಮೇಜಿನ ಮೇಲೆ ಕವುಚಿ ಹಾಕಿ, ತಳದ ತಿರುಪುಗಳನ್ನು ಬಿಚ್ಚಿದೆವು. ಮೈ ಸೀಮೆನ್ಸ್‌ನವರದು, ಇಸವಿ 1938. ಹಿಡಿಯು ಬೀಸ್ಟನ್‌ನ ಎರಿಕ್‌ಸನ್‌ದು, ಅದಕ್ಕಿಂತ ಒಂಬತ್ತು ವರ್ಷ ಕಿರಿದು. ಡಯಲು ಲಿವರ್‌ಪೂಲಿನದು. ಹಿಡಿಯ ತಂತಿಯೂ ಮಾತಾಡುವ ಕಡೆಯ ಬಿಲ್ಲೆಯೂ ಬೆಂಗಳೂರಿನವು. ವ್ಯಾಪಾರಿಯು ಹೇಳಿದ್ದು ಅಕ್ಷರಶಃ ನಿಜ. ಅವನು ಅದಕ್ಕೆ ಕೊಟ್ಟ ಅರ್ಥ ಮಾತ್ರ ನಿಜವಲ್ಲ. ನಾಲ್ಕು ಕಾರ್ಖಾನೆಗಳ ಅಂಗಗಳನ್ನು ಕೂಡಿಸಿ ಮತ್ತೆ ಮಾತಾಡುವಂತೆ ಮಾಡುವುದೇ ಇಲಾಖೆಯ ದುರಸ್ತಿಗಾರರ ಕೆಲಸವಾಗಿತ್ತು. ತಳದ ತಗಡಿನ ಒಳಮೈಯಲ್ಲಿ ಸೂಜಿಯ ಮೊನೆಯಿಂದ ಗೀರಿದ ಮೂರು ತಾರೀಖುಗಳಿದ್ದುವು. ಎರಡು ಇಂಗ್ಲಿಷ್ ಅಂಕಿಗಳಲ್ಲಿ. ಕಡೆಯದು, 1961ನೆಯ ಇಸವಿಯದು, ಕನ್ನಡದ ಅಂಕಿಗಳಲ್ಲಿ. ಆ ಸಹೋದರಿಯು ಕನ್ನಡಕವನ್ನು ತೆಗೆದು ಒರಸಿಕೊಂಡು ಅದನ್ನು ಹತ್ತಿರ ಹಿಡಿದು ನೋಡಿ, “ನಮ್ಮ ತಂದೆಯವರ ಒಂಬತ್ತು” ಎಂದಷ್ಟೇ ಹೇಳಿದರು. ಹಾಲಿನ ಲೆಕ್ಕದ ಪುಸ್ತಕದಲ್ಲಿಯೂ ಅವರು ಒಂಬತ್ತನ್ನು ಹಾಗೆಯೇ ಬಾಲವನ್ನೆಳೆದು ಬರೆಯುತ್ತಿದ್ದರಂತೆ.

ತಂತಿಗೆ ಕೂಡಿಸಿ ನೋಡುವ ಆಸೆಯಾಯಿತು. ಈಗಿನ ಹೊಸ ಜೋಡಣೆಗಳಲ್ಲಿ ಅನೇಕವು ಡಯಲಿನ ಮಿಡಿತಗಳನ್ನು ಗುರುತಿಸವು. ಆದರೂ ಬರುವ ಕರೆಗೆ ಗಂಟೆಯು ಬಾರಿಸುವುದುಂಟು. ಗಂಟೆ ಬಾರಿಸುವಾಗ ಬರುವ ವಿದ್ಯುತ್ತು ಕೈಗೆ ಚೆನ್ನಾಗಿಯೇ ಹೊಡೆಯುವುದರಿಂದ, ತಳವು ಬಿಚ್ಚಿರುವಾಗ ಕೂಡಿಸಬಾರದು. ಮುಚ್ಚಿದ ಮೇಲೆ ಕೂಡಿಸಿ, ಪಕ್ಕದ ಮನೆಯಿಂದ ಕರೆಮಾಡಿಸಿದೆವು. ಗಂಟೆಯೇನೋ ಬಾರಿಸಿತು, ಮಾತು ಮಾತ್ರ ಆಚೆಗೆ ಕೇಳಿಸಲಿಲ್ಲ. ಮಾತಾಡುವ ಬಿಲ್ಲೆಯೊಳಗಿನ ಇದ್ದಿಲಿನ ಹರಳುಗಳು ವರ್ಷಗಟ್ಟಲೆ ಅಲುಗಾಡದೆ ಗಟ್ಟಿಕಟ್ಟಿದರೆ ಹೀಗಾಗುತ್ತದೆ. ಹಿಡಿಯನ್ನು ಅಂಗೈಯ ಮೇಲೆ ಮೆಲ್ಲಗೆ ನಾಲ್ಕು ಸಲ ತಟ್ಟಿದಾಗ ಹರಳುಗಳು ಸಡಿಲಿದುವು, ಪಕ್ಕದ ಮನೆಯವರಿಗೆ ಮಾತು ಕೇಳಿಸಿತು.

ಹೊರಡುವಾಗ ಅವರು, ತಳದ ನಾಲ್ಕು ತಿರುಪುಗಳಲ್ಲಿ ಒಂದು ಬೇರೆ ಜಾತಿಯದಾಗಿರುವುದನ್ನು ತೋರಿಸಿ, ಅಸಲಿನದನ್ನು ಎಲ್ಲಿಂದಲಾದರೂ ತರಿಸಿ ಹಾಕಿಸಬೇಕೇ ಎಂದು ಕೇಳಿದರು. ಬೇಡವೆಂದೆವು.